ಎಣ್ಣೆಯನ್ನು ಬಿಟ್ಟ ದಿಗ್ಬಂಧನ

1935ರ ಡಿಸೆಂಬರ್ 18. ರೋಮ್ ನಗರದ ಅಜ್ಞಾತ ಯೋಧನ ಸಮಾಧಿಯ ಬಳಿ ಇಟಲಿಯ ರಾಣಿ ಎಲೆನಾ ತನ್ನ ಮದುವೆಯ ಚಿನ್ನದ ಉಂಗುರವನ್ನು ದೇಶಕ್ಕೆ ಅರ್ಪಿಸಿದಳು. ಸಾವಿರಾರು ಹೆಂಗಸರು ಸಾಲುಗಟ್ಟಿ ನಿಂತು ತಮ್ಮ ಉಂಗುರಗಳನ್ನೂ ಕೊಟ್ಟರು. ಅವರಿಗೆ ಬದಲಾಗಿ ಸಿಕ್ಕಿದ್ದು ಉಕ್ಕಿನ ಉಂಗುರ. ಹೊರಗಿನವರು ಇಟಲಿಯ ಕತ್ತು ಹಿಸುಕುತ್ತಿದ್ದಾರೆಂದು ಮುಸೊಲಿನಿ ಜನರನ್ನು ನಂಬಿಸಿದ್ದ.

ಆದದ್ದೇನು? ಅದೇ ಅಕ್ಟೋಬರ್ 3ರಂದು ಇಟಲಿಯ ಸೈನ್ಯ ಯುದ್ಧವನ್ನೂ ಸಾರದೆ ಇಥಿಯೋಪಿಯಕ್ಕೆ ನುಗ್ಗಿತ್ತು. ಎರಡೂ ದೇಶಗಳು ಅಂದಿನ ರಾಷ್ಟ್ರಸಂಘದ ಸದಸ್ಯರು. ಆಕ್ರಮಣ ಮಾಡಿದ ಸದಸ್ಯನೊಡನೆ ಉಳಿದವರೆಲ್ಲ ವ್ಯಾಪಾರ ನಿಲ್ಲಿಸಬೇಕೆಂದು ಸಂಘದ ಒಡಂಬಡಿಕೆಯ 16ನೇ ವಿಧಿ ಹೇಳುತ್ತಿತ್ತು. ಅದರಂತೆ ನವೆಂಬರ್ 18ರಿಂದ ದಿಗ್ಬಂಧನ ಜಾರಿಗೆ ಬಂತು.

ಇಟಲಿಗೆ ಸಾಲ ಕೊಡುವಂತಿಲ್ಲ, ಅಲ್ಲಿಯ ಸರಕು ಕೊಳ್ಳುವಂತಿಲ್ಲ. ರಬ್ಬರ್, ತವರ, ನಿಕ್ಕಲ್, ಹೊರೆ ಹೊರುವ ಪ್ರಾಣಿಗಳನ್ನು ಕಳಿಸುವಂತಿಲ್ಲ. ಪಟ್ಟಿಯಲ್ಲಿ ಅಲ್ಯುಮಿನಿಯಂ ಕೂಡ ಇತ್ತು. ಆದರೆ ಅಲ್ಯುಮಿನಿಯಂ ತೆಗೆಯುವ ಬಾಕ್ಸೈಟ್ ಅದಿರು ಇಟಲಿಯ ನೆಲದಲ್ಲೇ ಸಿಗುತ್ತದೆ! ನಿಜಕ್ಕೂ ಅದರ ಬಳಿ ಇಲ್ಲದಿದ್ದುದು ಪೆಟ್ರೋಲಿಯಂ. ಅದನ್ನೇ ಪಟ್ಟಿಯಿಂದ ಬಿಡಲಾಗಿತ್ತು. ಕಲ್ಲಿದ್ದಲು, ಉಕ್ಕು ಕೂಡ ಸೇರಿರಲಿಲ್ಲ.

ಕಾರಣಗಳಿದ್ದವು. ಬಿಗಿ ಮಾಡಿದರೆ ಮುಸೊಲಿನಿ ಹಿಟ್ಲರನ ಕಡೆಗೆ ವಾಲಿಯಾನೆಂಬ ಅಂಜಿಕೆ ಬ್ರಿಟನ್, ಫ್ರಾನ್ಸ್‌ಗಳಿಗೆ. ಎಣ್ಣೆಯ ದೊಡ್ಡ ವ್ಯಾಪಾರಿಯಾದ ಅಮೆರಿಕ ಸಂಘದ ಸದಸ್ಯನೇ ಅಲ್ಲ. ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಇಟಲಿಯ ಸೈನಿಕರನ್ನು ಹೊತ್ತ ಹಡಗುಗಳು ಸುಂಕ ಕಟ್ಟಿ ಆ ದಾರಿಯಲ್ಲೇ ಹೋದವು. ಲಾರಿಗಳು ಓಡಿದವು. ವಿಮಾನಗಳು ಹಾರಿ, ಚರ್ಮ ಸುಡುವ ಮಸ್ಟರ್ಡ್ ಅನಿಲವನ್ನು ಸೈನಿಕರ ಮೇಲೂ ಹಳ್ಳಿಗರ ಮೇಲೂ ಸುರಿದವು. 1936ರ ಮೇ 5ರಂದು ರಾಜಧಾನಿ ಅಡಿಸ್ ಅಬಾಬ ಇಟಲಿಯ ವಶವಾಯಿತು.

ಎಣ್ಣೆ ನಿಂತಿದ್ದರೆ ವಾರದೊಳಗೆ ಹಿಂದೆಗೆಯಬೇಕಾಗುತ್ತಿತ್ತೆಂದು 1938ರಲ್ಲಿ ಮುಸೊಲಿನಿಯೇ ಹಿಟ್ಲರನ ಮುಂದೆ ಒಪ್ಪಿಕೊಂಡನಂತೆ. ಹಿಟ್ಲರನ ದುಭಾಷಿ ಪೌಲ್ ಷ್ಮಿಟ್ ಇದನ್ನು ಬರೆದಿಟ್ಟಿದ್ದಾನೆ.

ಹಾಗಾದರೆ ಎಣ್ಣೆ ನಿಲ್ಲಿಸಿದರೆ ಯುದ್ಧ ನಿಲ್ಲುತ್ತದೆಯೇ? ಜಪಾನಿನ ಕಥೆ ಬೇರೆ. 1937ರಿಂದ ಚೀನಾದಲ್ಲಿ ಕಾದುತ್ತಿದ್ದ ಅದಕ್ಕೆ ಸುಮಾರು ಶೇ. 80ರಷ್ಟು ಎಣ್ಣೆ ಅಮೆರಿಕದಿಂದಲೇ ಬರುತ್ತಿತ್ತು. 1941ರಲ್ಲಿ ಅಮೆರಿಕ ಅದನ್ನು ತಡೆಯಿತು. ದಾಸ್ತಾನು ಮುಗಿಯುವ ಮೊದಲೇ ಆಗ್ನೇಯ ಏಷ್ಯದ ಎಣ್ಣೆಬಾವಿಗಳನ್ನು ಕಿತ್ತುಕೊಳ್ಳಲು ಜಪಾನ್ ನಿರ್ಧರಿಸಿತು. ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿತ್ತು. ಯುದ್ಧದಲ್ಲಿ ಆಳವಾಗಿ ಸಿಲುಕಿದವನನ್ನು ಹಿಂದೆಳೆಯಲು ಹೋದರೆ ಅವನು ಇನ್ನೂ ಮುನ್ನುಗ್ಗಬಹುದು.

ಒತ್ತಡ ಫಲಿಸಿದ ಉದಾಹರಣೆಯೂ ಉಂಟು. 1956ರಲ್ಲಿ ಅದೇ ಸೂಯೆಜ್ ಕಾಲುವೆಗಾಗಿ ಬ್ರಿಟನ್ ಈಜಿಪ್ಟಿನ ಮೇಲೆ ದಾಳಿ ಮಾಡಿದಾಗ ಪೌಂಡ್ ಕುಸಿಯತೊಡಗಿತು. ಆಸರೆ ಕೊಡಲು ಅಮೆರಿಕ ಒಪ್ಪಲಿಲ್ಲ. ನವೆಂಬರ್ 5ರಂದು ಇಳಿದ ಸೈನ್ಯ ಮರುದಿನವೇ ಕದನವಿರಾಮ ಸಾರಬೇಕಾಯಿತು. ಆದರೆ ಅಲ್ಲಿ ಕೈ ಬಿಗಿ ಹಿಡಿದದ್ದು ಬ್ರಿಟನ್ನಿನ ಆಪ್ತಮಿತ್ರ. ಪೆಟ್ಟು ತಕ್ಷಣ ತಗುಲಿತು.

ದಿಗ್ಬಂಧನ ಯುದ್ಧವನ್ನು ತಡೆಯಬೇಕಾದರೆ ಅದು ಮೊದಲೇ ಬರಬೇಕು, ಇಲ್ಲದೆ ಆಗದಂಥ ವಸ್ತುವನ್ನೇ ಹಿಡಿಯಬೇಕು, ಹಾಕುವವರಿಗೂ ನಷ್ಟ ತಾಳುವ ಮನಸ್ಸಿರಬೇಕು. 1935ರಲ್ಲಿ ಈ ಮೂರೂ ಇರಲಿಲ್ಲ.

1936ರ ಜೂನ್ 30ರಂದು ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದ ಸಭೆಯಲ್ಲಿ ನಿಂತು, ತನ್ನ ಜನರಿಗೆ ಏನು ಉತ್ತರ ಕೊಂಡೊಯ್ಯಲಿ ಎಂದು ಕೇಳಿದ. ಹದಿನೈದು ದಿನ ಕಳೆದು, ಜುಲೈ 15ರಂದು, ಇಟಲಿಯ ಮೇಲಿನ ದಿಗ್ಬಂಧನವನ್ನು ತೆಗೆದುಹಾಕಲಾಯಿತು.