ಸರಳವಾದುದರ ಆಳ

ಚುರುಕಾದ ಮಕ್ಕಳನ್ನು ನಾವು ಏನು ಮಾಡುತ್ತೇವೆ? ಸಾಮಾನ್ಯವಾಗಿ ಮುಂದಕ್ಕೆ ತಳ್ಳುತ್ತೇವೆ. ಎಂಟನೆಯ ತರಗತಿಯ ಹುಡುಗನಿಗೆ ಹತ್ತನೆಯದರ ಪುಸ್ತಕ ಕೊಡಿಸುತ್ತೇವೆ. ಹತ್ತನೆಯದನ್ನು ಮುಗಿಸಿದ ಹುಡುಗಿಯನ್ನು ಬೇಸಿಗೆ ರಜೆಯಲ್ಲೇ ಪ್ರವೇಶ ಪರೀಕ್ಷೆಯ ತರಬೇತಿಗೆ ಸೇರಿಸುತ್ತೇವೆ. ಬೇಗ ನಡೆಯಬಲ್ಲವರು ಬೇಗ ಊರು ಸೇರಲಿ ಎಂಬುದು ನಮ್ಮ ಆಶಯ. ಇದಕ್ಕೆ ವಿರುದ್ಧವಾದ ದಾರಿಯೊಂದನ್ನು ಅಮೆರಿಕದ ಒಬ್ಬ ಗಣಿತಾಧ್ಯಾಪಕರು ಹಿಡಿದರು. ಪ್ರತಿಭಾವಂತ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ವಿಶ್ವವಿದ್ಯಾನಿಲಯಕ್ಕೆ ಬರಮಾಡಿಕೊಂಡು, ಅವರು ಎಂದೋ ಕಲಿತು ಮುಗಿಸಿದೆವೆಂದು ತಿಳಿದಿದ್ದ ಒಂದು, ಎರಡು, ಮೂರು ಎಂಬ ಸಂಖ್ಯೆಗಳ ಮುಂದೆಯೇ ಮತ್ತೆ ಕೂರಿಸಿದರು. ಕನ್ನಡ ಪಾಠ ಹೇಳಿದವನು ಗಣಿತದ ವಿಚಾರ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಇಲ್ಲಿನ ಪ್ರಶ್ನೆ ಗಣಿತದ್ದಷ್ಟೇ ಅಲ್ಲ, ಕಲಿಕೆಯದು.

ಆ ಅಧ್ಯಾಪಕರು ಆರ್ನಾಲ್ಡ್ ರಾಸ್. 1906ರಲ್ಲಿ ಶಿಕಾಗೊ ನಗರದಲ್ಲಿ ಹುಟ್ಟಿ, ಒಡೆಸ್ಸಾದಲ್ಲಿ ಬೆಳೆದು, 1922ರಲ್ಲಿ ಅಮೆರಿಕಕ್ಕೆ ಮರಳಿದವರು. ನಾಟರ್ ಡೇಮ್ ವಿಶ್ವವಿದ್ಯಾನಿಲಯದಲ್ಲಿದ್ದಾಗ 1957ರ ಬೇಸಿಗೆಯಲ್ಲಿ ಈ ಶಿಬಿರವನ್ನು ಆರಂಭಿಸಿದರು. ಸೋವಿಯತ್ ದೇಶ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಆ ಬಳಿಕ ಇಡೀ ಅಮೆರಿಕವೇ ವಿಜ್ಞಾನಶಿಕ್ಷಣದ ಚಿಂತೆಗೆ ಬಿತ್ತು. ರಾಸ್ ಅವರ ಕೆಲಸ ಆ ಗಾಬರಿಗಿಂತ ಮೊದಲಿನದು. ಮುಂದೆ ಶಿಬಿರ ಅವರೊಡನೆ ಒಹಾಯೊ ರಾಜ್ಯದ ವಿಶ್ವವಿದ್ಯಾನಿಲಯಕ್ಕೆ ಸ್ಥಳಾಂತರಗೊಂಡಿತು. ತೊಂಬತ್ತು ದಾಟಿದ ಮೇಲೂ ಅವರು ಪಾಠ ಹೇಳುತ್ತಿದ್ದರು, 2002ರಲ್ಲಿ ತೀರಿಕೊಂಡರು. ಸರಳವಾದುದನ್ನು ಕುರಿತು ಆಳವಾಗಿ ಚಿಂತಿಸು ಎಂಬುದು ಅವರು ಬಿಟ್ಟುಹೋದ ಧ್ಯೇಯವಾಕ್ಯ. ಶಿಬಿರ ಇಂದಿಗೂ ನಡೆಯುತ್ತಿದೆ.

ಪ್ರವೇಶಕ್ಕೆ ಗಡಿಯಾರ ಹಿಡಿದು ನಡೆಸುವ ಪರೀಕ್ಷೆಯಿಲ್ಲ. ಕೆಲವು ಸಮಸ್ಯೆಗಳನ್ನು ಕೊಟ್ಟು, ಬಿಡುವಾಗಿ ಯೋಚಿಸಿ ಬರೆದು ಕಳುಹಿಸಿ ಎನ್ನುತ್ತಾರೆ. ಉತ್ತರಕ್ಕಿಂತ, ವಿದ್ಯಾರ್ಥಿ ಸಮಸ್ಯೆಯೊಡನೆ ಹೇಗೆ ಸೆಣಸಿದ ಎಂಬುದನ್ನು ನೋಡುತ್ತಾರೆ. ಆರು ವಾರಗಳ ವಾಸ. ಮುಖ್ಯ ವಿಷಯ ಒಂದೇ, ಸಂಖ್ಯಾಸಿದ್ಧಾಂತ. ಉಪನ್ಯಾಸ ಅಲ್ಪ, ಸಮಸ್ಯೆಗಳ ಹಾಳೆ ದಿನವೂ. ಹಿಂದಿನ ವರ್ಷಗಳಲ್ಲಿ ಇಂಥ ದಾರಿಯಲ್ಲೇ ನಡೆದುಬಂದ ಹಿರಿಯ ವಿದ್ಯಾರ್ಥಿಗಳು ಕಿರಿಯರೊಡನೆ ವಾಸವಾಗಿದ್ದು, ಅವರು ಬರೆದುದನ್ನು ಓದಿ, ಇದು ಹೇಗೆ ಬಂತು, ಇದನ್ನು ಯಾರು ಒಪ್ಪುತ್ತಾರೆ ಎಂದು ಕೇಳಿ ಹಿಂದಿರುಗಿಸುತ್ತಾರೆ.

ಒಂದು ಉದಾಹರಣೆ. ಇಂದು ಸೋಮವಾರವಾದರೆ ನೂರು ದಿನಗಳ ಬಳಿಕ ಯಾವ ವಾರ? ನೂರನ್ನು ಏಳರಿಂದ ಭಾಗಿಸಿದರೆ ಶೇಷ ಎರಡು, ಆದ್ದರಿಂದ ಬುಧವಾರ. ಇಲ್ಲಿ ಬೇಕಾದುದು ಶೇಷವೊಂದೇ. ಈಗ ಎರಡನ್ನು ಆರು ಸಲ ಬರೆದು ಗುಣಿಸಿ. 64 ಬರುತ್ತದೆ, ಏಳರಿಂದ ಭಾಗಿಸಿದರೆ ಶೇಷ ಒಂದು. ಮೂರನ್ನು ಹಾಗೆಯೇ ಗುಣಿಸಿದರೆ 729. ಶೇಷ ಮತ್ತೆ ಒಂದು. ಏಳರ ಬದಲು ಹನ್ನೊಂದನ್ನು ತೆಗೆದುಕೊಂಡು ಎರಡನ್ನು ಹತ್ತು ಸಲ ಗುಣಿಸಿದರೆ 1024, ಶೇಷ ಒಂದೇ. ಆದರೆ ಒಂಬತ್ತಕ್ಕೆ ಬಂದು ಎರಡನ್ನು ಎಂಟು ಸಲ ಗುಣಿಸಿದರೆ 256, ಶೇಷ ನಾಲ್ಕು. ಏಳು, ಹನ್ನೊಂದು ಅವಿಭಾಜ್ಯ ಸಂಖ್ಯೆಗಳು, ಒಂಬತ್ತು ಅಲ್ಲ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಲೆಕ್ಕ ಮಾಡುತ್ತ ಮಾಡುತ್ತ ವಿದ್ಯಾರ್ಥಿಯೇ ಕಾಣಬೇಕು. 1640ರಲ್ಲಿ ಫ್ರಾನ್ಸಿನ ಫರ್ಮಾ ಕಂಡ ನಿಯಮವನ್ನು ಹದಿನೈದರ ಬಾಲೆ ತಾನಾಗಿಯೇ ಕಾಣುತ್ತಾಳೆ.

ಕಂಡರೆ ಸಾಲದು, ಸಾಧಿಸಬೇಕು. ಎರಡನ್ನು ಹೀಗೆ ಗುಣಿಸಿದಾಗ ಶೇಷ ಒಂದು ಬಂದರೆ ಭಾಜಕ ಅವಿಭಾಜ್ಯವೇ ಇರಬೇಕು ಎಂದು ಯಾರಾದರೂ ಊಹಿಸಬಹುದು. ಮೂರರಿಂದ ಮುನ್ನೂರರವರೆಗೆ ಒಂದೊಂದಾಗಿ ಪರೀಕ್ಷಿಸಿದರೂ ಆ ಊಹೆ ತಪ್ಪುವುದಿಲ್ಲ. 341ಕ್ಕೆ ಬಂದಾಗ ಮುರಿದು ಬೀಳುತ್ತದೆ: ಶೇಷ ಒಂದೇ, ಆದರೆ ಆ ಸಂಖ್ಯೆ ಹನ್ನೊಂದು ಮತ್ತು ಮೂವತ್ತೊಂದರ ಗುಣಲಬ್ಧ. ನೂರಾರು ಸಾಕ್ಷಿಗಳು ಒಂದು ಸಾಧನೆಗೆ ಸಮವಲ್ಲ ಎಂಬ ವಿವೇಕವನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪದೇಶ ಕಲಿಸೀತು?

ಸಾಹಿತ್ಯದ ವಿದ್ಯಾರ್ಥಿಗೆ ಈ ಕ್ರಮ ಅಪರಿಚಿತವಲ್ಲ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸೂತ್ರದ ಜತೆಗೆ ವೃತ್ತಿಯಿದೆ, ಕವಿಪ್ರಯೋಗಗಳಿವೆ. ಸೂತ್ರವನ್ನು ಬಾಯಿಪಾಠ ಮಾಡಿಸುವ ಗುರು ಒಬ್ಬ. ಪ್ರಯೋಗಗಳನ್ನು ಮುಂದಿಟ್ಟು ಸೂತ್ರ ಯಾವುದಿರಬಹುದೆಂದು ಕೇಳುವ ಗುರು ಇನ್ನೊಬ್ಬ. ಎರಡನೆಯವನ ಶಿಷ್ಯ ನಿಧಾನವಾಗಿ ನಡೆದಾನು. ಆದರೆ ಸೂತ್ರ ಮರೆತರೂ ಅದನ್ನು ಮತ್ತೆ ಕಟ್ಟಿಕೊಂಡಾನು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕೆಲವರನ್ನು ಆರಿಸಿ ಇಷ್ಟು ಆರೈಕೆ ಮಾಡುವುದು ಉಳಿದವರಿಗೆ ಅನ್ಯಾಯವಲ್ಲವೇ? ಅಲಕ್ಷಿಸಬೇಕಾದ ಆಕ್ಷೇಪವಲ್ಲ. ಆದರೆ ರಾಸ್ ಅವರು ನಾಟರ್ ಡೇಮ್‌ನಲ್ಲಿ ಮೊದಲು, 1947ರಲ್ಲಿ, ಪಾಠ ತೊಡಗಿದ್ದು ಅಧ್ಯಾಪಕರಿಗೆ. ಮಕ್ಕಳು ಬಂದು ಸೇರಿದ್ದು ಹತ್ತು ವರ್ಷಗಳ ಅನಂತರ. ಶಿಬಿರದಲ್ಲಿ ಕುಳಿತ ಮಗು ಒಂದು. ಅದೇ ಕ್ರಮವನ್ನು ಕಲಿತ ಅಧ್ಯಾಪಕನ ಮುಂದೆ ಕೂರುವ ಮಕ್ಕಳು ಸಾವಿರ. ನ್ಯಾಯದ ದಾರಿ ಶಿಬಿರವನ್ನು ಮುಚ್ಚುವುದಲ್ಲ, ಅದರ ರೀತಿಯನ್ನು ಶಾಲೆಗೆ ತರುವುದು.

ರಾಸ್ ಶಿಬಿರದಲ್ಲಿ ಕಲಿತ ಗ್ಲೆನ್ ಸ್ಟೀವನ್ಸ್ ಮತ್ತು ಗೆಳೆಯರು 1989ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಮಿಸ್ ಎಂಬ ಶಿಬಿರ ತೆರೆದರು. ಅದರ ಭಾರತೀಯ ಶಾಖೆ 2023ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲಾಯಿತು. ಒಡೆಸ್ಸಾದಲ್ಲಿ ಬೆಳೆದ ಹುಡುಗನ ಗಣಿತಪ್ರೀತಿ ಹೀಗೆ ನಮ್ಮ ಹೊಸ್ತಿಲಿಗೂ ಬಂದಿದೆ.

ಅಲ್ಲಿಗೆ ಹೋಗಬಲ್ಲವರು ಕೆಲವರೇ. ಆದರೆ ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಏಕಾಗಬೇಕು ಎಂದು ಕೇಳುವ ಮಗು ಪ್ರತಿಯೊಂದು ಊರಿನಲ್ಲಿಯೂ ಇರುತ್ತದೆ. ಅದು ಪರೀಕ್ಷೆಗೆ ಬರುವುದಿಲ್ಲ, ಮುಂದೆ ಓದು ಎನ್ನುವುದು ಸುಲಭ. ಕೂತುಕೋ, ಇಬ್ಬರೂ ಯೋಚಿಸೋಣ ಎನ್ನುವುದಕ್ಕೆ ಹಣ ಬೇಡ, ಕಟ್ಟಡ ಬೇಡ. ಒಂದಿಷ್ಟು ಪುರುಸೊತ್ತು ಬೇಕು. ಪ್ರತಿಭೆ ಹಿರಿಯರಿಂದ ಬೇಡುವುದು ಬಹುಮಟ್ಟಿಗೆ ಅಷ್ಟನ್ನೇ.