ನಿತ್ಯ ಹಚ್ಚುವ ಬಿಸಿಲು ಲೇಪ: ಡಬ್ಬಿಯ ಹಿಂಬದಿಯನ್ನು ಓದೋಣ

ಫಾಲ್ಗುಣ ಮಾಸದಲ್ಲಿ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆಂದು ಕಾಲ್ನಡಿಗೆಯಲ್ಲಿ ಹೊರಡುವ ಭಕ್ತರ ಚೀಲದಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ವಸ್ತು ಕಾಣಸಿಗುತ್ತಿದೆ. ರೊಟ್ಟಿಯ ಗಂಟು, ಶೇಂಗಾ ಚಟ್ನಿ, ವಿಭೂತಿಯ ಗಟ್ಟಿಗಳ ಜೊತೆಗೆ ಸನ್‌ಸ್ಕ್ರೀನ್ ಎಂಬ ಬಿಸಿಲು ತಡೆಯುವ ಲೇಪ. ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಬಂದಿದೆ: ದಿನವೂ ಹಚ್ಚಿದರೆ ಅದು ರಕ್ತಕ್ಕೆ ಸೇರುವುದಂತೆ, ನಿಜವೇ?

ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟ ತಾಯಿಯೊಬ್ಬರಿಗೆ ಮುಖ ಮತ್ತು ಮುಂಗೈಗಳ ಮೇಲೆ ತೊನ್ನು ಇದೆ. (ತೊನ್ನು ಅಂಟುವ ರೋಗವಲ್ಲ ಎಂಬುದನ್ನು ಇಂದಿಗೂ ಹೇಳಬೇಕಾಗಿರುವುದು ವಿಷಾದದ ಸಂಗತಿ.) ಚರ್ಮವೈದ್ಯರು ನಿತ್ಯ ಹಚ್ಚಲು ಹೇಳಿದ್ದ ಲೇಪವನ್ನು, ಮೊಬೈಲಿಗೆ ಬಂದ ಸಂದೇಶವೊಂದನ್ನು ಓದಿ ಅವರು ನಿಲ್ಲಿಸಿಬಿಟ್ಟಿದ್ದರು. ಹೊಲದ ಕಾಯಕ ಬಿಡುವಂತಿಲ್ಲ. ಬಣ್ಣ ಕಳೆದುಕೊಂಡ ಚರ್ಮಕ್ಕೆ ಬಿಸಿಲನ್ನು ತಡೆಯುವ ಸ್ವಂತ ಬಲವಿಲ್ಲ. ಹದಿನೈದು ದಿನಗಳಲ್ಲಿ ಕೆನ್ನೆ, ಮುಂಗೈಗಳು ಸುಟ್ಟು ಕೆಂಪಾಗಿದ್ದವು. ಆ ಸಂದೇಶದಲ್ಲಿ ಸತ್ಯವೆಷ್ಟು, ಭಯವೆಷ್ಟು ಎಂಬುದನ್ನು ಬಿಡಿಸಿ ನೋಡುವುದು ಅಗತ್ಯವೆಂದು ನಮಗೆ ತೋರಿದ್ದು ಆಗಲೇ.

ಬಿಸಿಲು ಲೇಪಗಳಲ್ಲಿ ನೇರಳಾತೀತ ಕಿರಣವನ್ನು ತಡೆಯುವ ಘಟಕಗಳು ಎರಡು ಬಗೆಯವು. ಒಂದು ಖನಿಜ ವರ್ಗ: ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್. ಇವು ಬಹುಮಟ್ಟಿಗೆ ಚರ್ಮದ ಮೇಲ್ಪದರದಲ್ಲಿಯೇ ಉಳಿಯುತ್ತವೆ. ಮೈ ಕೆರೆದಾಗ ಹಚ್ಚುವ ಕ್ಯಾಲಮೈನ್ ದ್ರಾವಣದಲ್ಲಿಯೂ ಹಸುಗೂಸುಗಳ ಒರಸುಗಾಯಕ್ಕೆ ಬಳಿಯುವ ಮುಲಾಮಿನಲ್ಲಿಯೂ ಇರುವುದು ಇದೇ ಜಿಂಕ್ ಆಕ್ಸೈಡ್. ಇನ್ನೊಂದು ಸಾವಯವ ರಾಸಾಯನಿಕಗಳ ವರ್ಗ: ಆಕ್ಸಿಬೆನ್ಜೋನ್, ಅವೊಬೆನ್ಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಮೊದಲಾದವು. ಹಚ್ಚಿದರೆ ಬೆಳ್ಳಗೆ ಮೆತ್ತಿಕೊಂಡಂತೆ ಕಾಣುವುದಿಲ್ಲವಾದ್ದರಿಂದ ನಮ್ಮ ಮೈಬಣ್ಣದವರು ಹೆಚ್ಚಾಗಿ ಇವನ್ನೇ ಮೆಚ್ಚುತ್ತಾರೆ.

ರಕ್ತದ ಮಾತು ಹುಟ್ಟಿದ್ದು ಈ ಎರಡನೆಯ ವರ್ಗದಿಂದ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು 24 ಮಂದಿ ಆರೋಗ್ಯವಂತರ ಮೇಲೆ ನಡೆಸಿದ ಒಂದು ಪರೀಕ್ಷೆಯ ಫಲಿತಾಂಶವನ್ನು 2019ರಲ್ಲಿ ಪ್ರಕಟಿಸಿದರು. ಮೈಯ ಮುಕ್ಕಾಲು ಭಾಗಕ್ಕೆ, ದಿನಕ್ಕೆ ನಾಲ್ಕು ಬಾರಿಯಂತೆ, ನಾಲ್ಕು ದಿನ ಲೇಪ ಹಚ್ಚಲಾಯಿತು. ರಕ್ತದಲ್ಲಿ ಒಂದು ಮಿಲಿಲೀಟರಿಗೆ 0.5 ನ್ಯಾನೊಗ್ರಾಂ ಮೀರಿದರೆ ಹೆಚ್ಚಿನ ಸುರಕ್ಷತಾ ಪರೀಕ್ಷೆ ಬೇಕೆಂಬುದು ಆ ಆಡಳಿತದ ನಿಯಮ. ಪರೀಕ್ಷಿಸಿದ ನಾಲ್ಕೂ ರಾಸಾಯನಿಕಗಳು ಆ ಗೆರೆಯನ್ನು ದಾಟಿದವು. ಆಕ್ಸಿಬೆನ್ಜೋನ್ 150 ನ್ಯಾನೊಗ್ರಾಮನ್ನೂ ಮೀರಿತು. ಆದ್ದರಿಂದ ರಕ್ತಕ್ಕೆ ಸೇರುವುದೆಂಬ ಮಾತು ಸುಳ್ಳಲ್ಲ. ಆದರೆ ಆ ಗೆರೆಯನ್ನು ದಾಟಿದ್ದು ವಿಷವೆಂಬುದಕ್ಕೆ ಪುರಾವೆಯಲ್ಲ, ಇನ್ನಷ್ಟು ಪರೀಕ್ಷಿಸಿ ಎಂಬ ಸೂಚನೆ. ಜನರು ಲೇಪ ಹಚ್ಚುವುದನ್ನು ನಿಲ್ಲಿಸಬಾರದೆಂದು ಆ ಸಂಶೋಧಕರೇ ಸ್ಪಷ್ಟವಾಗಿ ಬರೆದರು. ಸಂದೇಶ ಹರಡಿದವರು ಕೈಬಿಟ್ಟದ್ದು ಈ ಮಾತನ್ನೇ.

ಅದೇ ವರ್ಷ ಅದೇ ಆಡಳಿತವು ತನ್ನ ಪಟ್ಟಿಯಲ್ಲಿದ್ದ 16 ಘಟಕಗಳನ್ನು ಮೂರಾಗಿ ವಿಂಗಡಿಸುವ ಪ್ರಸ್ತಾವ ಮುಂದಿಟ್ಟಿತು. ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಸುರಕ್ಷಿತ. ಎರಡು ಹಳೆಯ ಘಟಕಗಳು ಬೇಡ. ಉಳಿದ ಹನ್ನೆರಡಕ್ಕೆ ಇನ್ನಷ್ಟು ಮಾಹಿತಿ ಬೇಕು. ಯುರೋಪಿನ ಒಕ್ಕೂಟ 2022ರಲ್ಲಿ ಮತ್ತೊಂದು ದಾರಿ ಹಿಡಿಯಿತು: ಆಕ್ಸಿಬೆನ್ಜೋನನ್ನು ನಿಷೇಧಿಸದೆ, ಮುಖ, ಕೈ, ತುಟಿಗಳ ಲೇಪದಲ್ಲಿ ಶೇ. 6ಕ್ಕೂ ಮೈಗೆಲ್ಲ ಹಚ್ಚುವ ಲೇಪದಲ್ಲಿ ಶೇ. 2.2ಕ್ಕೂ ಮಿತಿಗೊಳಿಸಿತು. ಹಚ್ಚುವ ಜಾಗ ಹೆಚ್ಚಿದಷ್ಟೂ ಒಳಗಿಳಿಯುವುದು ಹೆಚ್ಚು ಎಂಬ ಸರಳ ವಿವೇಕ ಇದರಲ್ಲಿದೆ. ಇನ್ನು, ಹವಾಯಿಯಲ್ಲಿ ನಿಷೇಧವಾಗಿದೆ ಎಂದು ಆ ಸಂದೇಶ ಹೇಳುತ್ತಿತ್ತು. ಅಲ್ಲಿ 2021ರಿಂದ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವ ಲೇಪಗಳ ಮಾರಾಟ ನಿಂತಿರುವುದು ಸಮುದ್ರದ ಹವಳಗಳ ರಕ್ಷಣೆಗಾಗಿ. ಮನುಷ್ಯರ ರೋಗದ ಕಾರಣಕ್ಕಲ್ಲ.

ಇತ್ತ ಲೇಪದ ಪ್ರಯೋಜನಕ್ಕೆ ಗಟ್ಟಿಯಾದ ಪುರಾವೆ ಇದೆ. ಆಸ್ಟ್ರೇಲಿಯದ ನಾಂಬೂರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ 1621 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ನಿತ್ಯ ಲೇಪ ಹಚ್ಚಿದ ಗುಂಪಿನಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರಿನ ಗಂಟುಗಳು ಸುಮಾರು ಶೇ. 40ರಷ್ಟು ಕಡಿಮೆಯಾದವು. ಅದು ಬಿಳಿ ಚರ್ಮದವರ ನಾಡು. ಕಂದುಬಣ್ಣದ ನಮ್ಮಲ್ಲಿ ಆ ಕ್ಯಾನ್ಸರ್ ಬಹಳ ವಿರಳ. ಆದ್ದರಿಂದ ಮನೆಯೊಳಗೇ ಇರುವ ಪ್ರತಿಯೊಬ್ಬರೂ ದಿನವೂ ಹಚ್ಚಲೇಬೇಕೆಂಬ ಜಾಹೀರಾತಿನ ಒತ್ತಾಯವನ್ನು ನಾವು ಒಪ್ಪುವುದಿಲ್ಲ. ಆದರೆ ತೊನ್ನು ಇರುವವರಿಗೆ, ಹುಟ್ಟಿನಿಂದಲೇ ಮೈಬಣ್ಣವಿಲ್ಲದವರಿಗೆ, ಲೂಪಸ್ ರೋಗಿಗಳಿಗೆ, ಮುಖದಲ್ಲಿ ಭಂಗು ಮೂಡಿದವರಿಗೆ ಇದು ಅಲಂಕಾರವಲ್ಲ, ಚಿಕಿತ್ಸೆಯ ಭಾಗ. ಭಂಗು ಇರುವವರು ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಲೇಪವನ್ನು ಕೊಳ್ಳುವುದು ಮೇಲು. ಕಣ್ಣಿಗೆ ಕಾಣುವ ಬೆಳಕೂ ಭಂಗನ್ನು ಗಾಢಗೊಳಿಸುತ್ತದೆ.

ನಮ್ಮ ದೇಶದಲ್ಲಿ ಬಿಸಿಲು ಲೇಪಗಳು 2020ರ ಸೌಂದರ್ಯವರ್ಧಕ ನಿಯಮಗಳ ಅಡಿಯಲ್ಲಿ ಬರುತ್ತವೆ. ತೀರ ಪುಟ್ಟ ಪೊಟ್ಟಣಗಳನ್ನು ಬಿಟ್ಟರೆ ಡಬ್ಬಿಯ ಹಿಂಬದಿಯಲ್ಲಿ ಘಟಕಗಳ ಪಟ್ಟಿ ಇರುತ್ತದೆ. ಆಕ್ಸಿಬೆನ್ಜೋನ್ ಅಲ್ಲಿ ಬಹುಪಾಲು ಬೆನ್ಜೋಫಿನೋನ್-3 ಎಂಬ ಹೆಸರಿನಲ್ಲಿ ಅಡಗಿರುತ್ತದೆ, ಆಕ್ಟಿನಾಕ್ಸೇಟ್ ಈಥೈಲ್‌ಹೆಕ್ಸಿಲ್ ಮೆಥಾಕ್ಸಿಸಿನಮೇಟ್ ಎಂಬ ಉದ್ದನೆಯ ಹೆಸರಿನಲ್ಲಿ. ಅಕ್ಷರಗಳು ಸಣ್ಣವು, ಮನೆಯ ಓದುವ ಮಕ್ಕಳ ನೆರವು ಪಡೆಯಬಹುದು. ಆ ತಾಯಿಯ ಡಬ್ಬಿಯನ್ನು ತಿರುಗಿಸಿ ನಾವೂ ಓದಿದೆವು. ಅದರಲ್ಲಿ ಕಿರಣ ತಡೆಯುವ ಘಟಕಗಳೆಂದರೆ ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಮಾತ್ರ. ಅವರು ಹೆದರಿದ್ದ ಒಂದು ಹೆಸರೂ ಅದರಲ್ಲಿರಲಿಲ್ಲ.

ನಿತ್ಯ ಹಚ್ಚಬೇಕಾದವರು, ಗರ್ಭಿಣಿಯರು, ಎಳೆಯ ಮಕ್ಕಳು ಖನಿಜ ಲೇಪವನ್ನೇ ಆರಿಸಿಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ. ಎಸ್‌ಪಿಎಫ್ 30 ಸಾಕು. ಚರ್ಮ ಸುಡುವ ಕಿರಣಗಳಲ್ಲಿ ಸುಮಾರು ಶೇ. 97ನ್ನು ಅದು ತಡೆಯುತ್ತದೆ, 50 ಎಂದಿರುವುದು ತಡೆಯುವುದು ಶೇ. 98ರಷ್ಟು. ಖನಿಜವೇ ಆದರೂ ಸಿಂಪಡಿಸುವ ಬಗೆಯದನ್ನಾಗಲಿ ಪುಡಿಯನ್ನಾಗಲಿ ಕೊಳ್ಳಬಾರದು. ಟೈಟಾನಿಯಂ ಡೈಆಕ್ಸೈಡಿನ ಕಣಗಳು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋಗುವುದು ಒಳ್ಳೆಯದಲ್ಲ. ಆರು ತಿಂಗಳಿಗಿಂತ ಚಿಕ್ಕ ಕೂಸಿಗೆ ಯಾವ ಲೇಪವೂ ಬೇಡ, ನೆರಳೇ ಸಾಕು.

ಬೆಳಗಿನ ಸ್ನಾನ, ಇಷ್ಟಲಿಂಗ ಪೂಜೆ ಮುಗಿಸಿ, ಹೊರಡುವ ಮುನ್ನ ಲೇಪ ಹಚ್ಚುವುದು ಅನುಕೂಲ. ಲಿಂಗವನ್ನು ಧರಿಸುವ ಅಂಗೈಗೆ ಜಿಡ್ಡು ತಾಗುವುದಿಲ್ಲ. ವಿಭೂತಿ ಇರುವ ಹಣೆಯ ಭಾಗವನ್ನು ಬಿಟ್ಟು ಉಳಿದ ಮುಖ, ಕುತ್ತಿಗೆ, ಕಿವಿಗಳಿಗೆ ಎರಡು ಬೆರಳುಗಳುದ್ದದಷ್ಟು ಬಳಿಯಬೇಕು. ಹಣೆಯನ್ನು ರುಮಾಲು ಅಥವಾ ಸೆರಗು ಕಾಯುತ್ತದೆ. ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಪಾದಯಾತ್ರಿಗಳು ಹೊತ್ತು ಮೂಡುವ ಮೊದಲೇ ನಡಿಗೆ ಆರಂಭಿಸಿ, ಹನ್ನೊಂದರಿಂದ ಮೂರರವರೆಗೆ ದಾಸೋಹದ ಚಪ್ಪರದಲ್ಲಿ ತಂಗುವ ಹಿರಿಯರ ರೂಢಿಯನ್ನು ಮುಂದುವರಿಸಲಿ. ಡಬ್ಬಿಯನ್ನು ಹಿಂದೆ ಬರುವ ಟ್ರ್ಯಾಕ್ಟರಿನ ಸುಡುವ ತಗಡಿನ ಮೇಲೆ ಇಡದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದೊಳಗೆ ಇಡಬೇಕು. ಅವಧಿ ಮುಗಿದದ್ದನ್ನು ಎಸೆಯಬೇಕು.