ಫಲಕಕ್ಕೆ ಬಿಡುವು ಯಾವಾಗ?

ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ, ಬ್ಯಾಂಕಿನ ಕೌಂಟರಿನ ಮೇಲೆ ಟಿ.ವಿ.ಯಂತೆ ಕಾಣುವ ಡಿಜಿಟಲ್ ಫಲಕಗಳನ್ನು ವೀಕ್ಷಕರು ನೋಡಿಯೇ ಇರುತ್ತೀರಿ. ನೋಟಕ್ಕೆ ಟಿ.ವಿ.ಯಾದರೂ ಅದರ ಬೆನ್ನಿಗೆ ಅಥವಾ ಒಡಲೊಳಗೆ ಒಂದು ಪುಟ್ಟ ಗಣಕಯಂತ್ರ ಇರುತ್ತದೆ. ಎಷ್ಟೋ ಕಡೆ ಅದು ನಮ್ಮ ಮೊಬೈಲ್ ಫೋನಿನಲ್ಲಿರುವ ಆಂಡ್ರಾಯ್ಡ್ ವ್ಯವಸ್ಥೆಯಿಂದಲೇ ನಡೆಯುತ್ತದೆ. ಹಾಗಿದ್ದರೆ ಫೋನಿನ ಆ್ಯಪ್‌ಗಳು ತಾವಾಗಿಯೇ ಹೊಸದಾಗುವಂತೆ ಫಲಕದ ಆ್ಯಪ್ ಕೂಡ ಹೊಸದಾಗುತ್ತದೆಯಲ್ಲವೆ, ನಾವು ಮಾಡಬೇಕಾದ್ದೇನು ಎಂಬ ಪ್ರಶ್ನೆ ಸಹಜ. ಕಾರ್ಯಕ್ರಮದ ಮಾತುಕತೆಯಲ್ಲಿ ಬರೆದುಕೊಳ್ಳಲು ಬಿಡುವು ಸಿಗದ ವಿವರಗಳು ಇವು. ಆದ್ದರಿಂದ ಇಲ್ಲಿ ಅಚ್ಚಿನಲ್ಲಿ ಕೊಡುತ್ತಿದ್ದೇವೆ.

ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಗೂಗಲ್ ಪ್ಲೇ ಅಂಗಡಿಯು ಆ್ಯಪ್ ಒಂದನ್ನು ತಾನಾಗಿ ನವೀಕರಿಸಬೇಕಾದರೆ ಸಾಮಾನ್ಯವಾಗಿ ನಾಲ್ಕು ಸಂಗತಿಗಳು ಕೂಡಿಬರಬೇಕು. ಸಾಧನವು ವೈ-ಫೈಯಂಥ ಲೆಕ್ಕವಿಲ್ಲದ ಸಂಪರ್ಕದಲ್ಲಿರಬೇಕು, ವಿದ್ಯುತ್ತಿಗೆ ಜೋಡಿಸಿರಬೇಕು, ಯಾರೂ ಅದನ್ನು ಬಳಸುತ್ತಿರಬಾರದು, ಮತ್ತು ಆ ಆ್ಯಪ್ ತೆರೆಯ ಮೇಲೆ ತೆರೆದಿರಬಾರದು. ಫೋನಿಗೆ ರಾತ್ರಿ ನಾವು ಮಲಗಿದಾಗ ಈ ನಾಲ್ಕೂ ಒದಗುತ್ತವೆ. ಆದರೆ ಫಲಕಕ್ಕೆ ನಿದ್ದೆಯೆಂಬುದೇ ಇಲ್ಲ. ಅದರ ಆ್ಯಪ್ ಹಗಲಿರುಳೂ ತೆರೆಯ ಮೇಲೆಯೇ ಇರುತ್ತದೆ, ಇರಬೇಕಾದದ್ದೂ ಹಾಗೆಯೇ. ಹೀಗಾಗಿ ನಾಲ್ಕನೆಯ ಷರತ್ತು ಎಂದೂ ಈಡೇರುವುದಿಲ್ಲ. ಸಿಮ್ ಕಾರ್ಡಿನಿಂದ ನಡೆಯುವ ಫಲಕವಾದರೆ ಮೊದಲನೆಯದೂ ಈಡೇರದು. ಮೊದಲ ದಿನ ಹಾಕಿದ ಆ್ಯಪ್ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ, ಯಾರ ಗಮನಕ್ಕೂ ಬಾರದೆ.

ಉಳಿದರೆ ಉಳಿಯಲಿ, ಚಿತ್ರ ಬರುತ್ತಿದೆಯಲ್ಲ ಎನ್ನುವವರಿದ್ದಾರೆ. ಅವರಿಗೆ 2017ರ ಮೇ 12ರಂದು ಜರ್ಮನಿಯ ರೈಲು ನಿಲ್ದಾಣಗಳಲ್ಲಿ ನಡೆದದ್ದನ್ನು ನೆನಪಿಸಬೇಕು. ರೈಲು ಹೊರಡುವ ಸಮಯ ತೋರಿಸಬೇಕಾದ ಫಲಕಗಳ ಮೇಲೆ ಹಣ ಕೇಳುವ ಕೆಂಪು ಕಿಟಕಿಯೊಂದು ಮೂಡಿ ನಿಂತಿತು. 'ವಾನ್ನಾಕ್ರೈ' ಎಂಬ ಸುಲಿಗೆ ತಂತ್ರಾಂಶದ ಕೆಲಸ ಅದು. ಅದು ನುಸುಳಿದ ಬಿರುಕನ್ನು ಮುಚ್ಚುವ ನವೀಕರಣವನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳ ಮೊದಲೇ, ಬಿಡುಗಡೆ ಮಾಡಿತ್ತು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ದೋಷಪೂರಿತ ನವೀಕರಣವೊಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ಸಂಸ್ಥೆ ಅದನ್ನು ಹಿಂತೆಗೆದುಕೊಂಡದ್ದು 78 ನಿಮಿಷಗಳಲ್ಲಿ. ಅಷ್ಟರಲ್ಲಿ ಅದು ಲೋಕವೆಲ್ಲ ಸುತ್ತಿ ಬಂದಿತ್ತು. ದೆಹಲಿ ವಿಮಾನ ನಿಲ್ದಾಣದಲ್ಲಿ ವಿಮಾನಗಳ ವಿವರವನ್ನು ಬಿಳಿ ಹಲಗೆಯ ಮೇಲೆ ಕೈಯಲ್ಲಿ ಬರೆಯಬೇಕಾಯಿತು. ಬೆಂಗಳೂರಿನಲ್ಲೂ ಕೆಲವು ವಿಮಾನ ಸಂಸ್ಥೆಗಳು ಪ್ರಯಾಣಿಕರನ್ನು ಕೈಬರಹದಲ್ಲೇ ಸಾಗಹಾಕಿದವು. ಎಲ್ಲ ಯಂತ್ರಗಳಿಗೂ ಒಂದೇ ಬಾರಿಗೆ ಕಳುಹಿಸಿದ್ದೇ ಹಾನಿ ಅಷ್ಟು ಹಬ್ಬಲು ಕಾರಣ. ಇವೆರಡೂ ವಿಂಡೋಸ್ ಯಂತ್ರಗಳ ಕಥೆ ನಿಜ, ಆದರೆ ನಮ್ಮ ಆಂಡ್ರಾಯ್ಡ್ ಪೆಟ್ಟಿಗೆಯ ಮುಂದಿರುವ ಪೇಚೂ ಇದೇ: ನವೀಕರಿಸದಿದ್ದರೆ ಒಂದು ಅಪಾಯ, ಕಣ್ಣುಮುಚ್ಚಿ ನವೀಕರಿಸಿದರೆ ಇನ್ನೊಂದು.

ಇದಕ್ಕೆ ದಾರಿಯಿದೆ. ಹತ್ತಾರು ಫಲಕಗಳಿರುವ ಸಂಸ್ಥೆಗಳು ಎಂ.ಡಿ.ಎಂ. ಎಂದು ಕರೆಯುವ ಸಾಧನ ನಿರ್ವಹಣಾ ತಂತ್ರಾಂಶವನ್ನು ಬಳಸುತ್ತವೆ. ಕಚೇರಿಯಲ್ಲಿ ಕುಳಿತೇ ಎಲ್ಲ ಫಲಕಗಳಿಗೂ ಅಪ್ಪಣೆ ಕೊಡಬಹುದು, ಏಣಿ ಹತ್ತಬೇಕಿಲ್ಲ. ಆದರೆ ಪೆಟ್ಟಿಗೆಯನ್ನು ಪೂರ್ತಿಯಾಗಿ ಇದರ ಸುಪರ್ದಿಗೆ ಒಪ್ಪಿಸಬೇಕಾದದ್ದು ಮೊದಲ ಬಾರಿ ಚಾಲೂ ಮಾಡುವಾಗ. ಈಗಾಗಲೇ ಗೋಡೆಯೇರಿರುವ ಪೆಟ್ಟಿಗೆಯಾದರೆ ಅದರಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡಬೇಕಾಗುತ್ತದೆ. ಗೂಗಲ್‌ನ ಮಾನ್ಯತೆಯಿಲ್ಲದ ಅಗ್ಗದ ಪೆಟ್ಟಿಗೆಗಳಲ್ಲಿ ಪ್ಲೇ ಅಂಗಡಿಯ ಈ ಸೌಲಭ್ಯವನ್ನು ನಂಬುವಂತಿಲ್ಲ. ಕೊಳ್ಳುವಾಗಲೇ ವಿಚಾರಿಸುವುದು ಲೇಸು.

ನಿರ್ವಹಣಾ ತಂತ್ರಾಂಶದಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ನಿರ್ವಹಣಾ ಅವಧಿ ಎಂಬ ಆಯ್ಕೆ. ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಎಂದು ಗೊತ್ತುಮಾಡಿದರೆ, ಆ ವೇಳೆಯಲ್ಲಿ ತೆರೆಗೆ ಅಂಟಿಸಿಟ್ಟ ಆ್ಯಪನ್ನೂ ನಿಲ್ಲಿಸಿ ನವೀಕರಿಸಲು ಪ್ಲೇ ಅಂಗಡಿಗೆ ಅನುಮತಿ ದೊರೆಯುತ್ತದೆ. ಆಂಡ್ರಾಯ್ಡ್ ವ್ಯವಸ್ಥೆಯ ನವೀಕರಣಕ್ಕೂ ಇದೇ ಅವಧಿ. ಕೆಲವು ತಂತ್ರಾಂಶಗಳು ಇದನ್ನು ನಡುರಾತ್ರಿಯಿಂದ ಎಣಿಸಿದ ನಿಮಿಷಗಳಲ್ಲಿ ಕೇಳುತ್ತವೆ: 120 ಎಂದರೆ ಎರಡು ಗಂಟೆ, 240 ಎಂದರೆ ನಾಲ್ಕು ಗಂಟೆ. 'ಹೆಚ್ಚಿನ ಆದ್ಯತೆ' ಎಂಬ ಇನ್ನೊಂದು ಆಯ್ಕೆಯೂ ಇದೆ. ಅದರಲ್ಲಿ ಹೊಸ ಆವೃತ್ತಿ ಹೊರಬಿದ್ದೊಡನೆಯೇ, ಆ್ಯಪ್ ನಡೆಯುತ್ತಿದ್ದರೂ ನಿಲ್ಲಿಸಿ, ಕೆಲಸ ಶುರುವಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಟೋಕನ್ ಹಿಡಿದು ಕಾದಿರುವ ರೋಗಿಗಳ ಮುಂದೆ ಇದು ಬೇಡ.

ಆದರೆ ಆ ಆಯ್ಕೆಯಿಂದಲೇ ಒಂದು ಉಪಯೋಗವಿದೆ. ಒಂದು ಪೆಟ್ಟಿಗೆಯನ್ನು ಕಚೇರಿಯ ಮೂಲೆಯಲ್ಲಿ ಪರೀಕ್ಷೆಗೆಂದು ಇಟ್ಟು ಅದಕ್ಕೆ ಮಾತ್ರ ಹೆಚ್ಚಿನ ಆದ್ಯತೆ ಕೊಡಿ. ಉಳಿದವಕ್ಕೆ 'ಮುಂದೂಡು' ಎಂದಿಡಿ. 90 ದಿನಗಳವರೆಗೆ ಆ್ಯಪ್ ಹಳೆಯದರಲ್ಲೇ ನಿಲ್ಲುತ್ತದೆ. ಪರೀಕ್ಷೆಯ ಪೆಟ್ಟಿಗೆಯಲ್ಲಿ ನವೀಕರಣವಾದ ಮೇಲೆ ಆ್ಯಪ್ ತಾನಾಗಿ ಮತ್ತೆ ಎದ್ದು ನಿಂತಿತೇ, ಪ್ಲಗ್ ಕಿತ್ತು ಮತ್ತೆ ಹಾಕಿದರೆ ನೇರವಾಗಿ ಅದೇ ತೆರೆ ಬರುತ್ತದೆಯೇ, ಕನ್ನಡದ ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿವೆಯೇ ಎಂದು ನಾಲ್ಕು ದಿನ ನೋಡಿ, ಆಮೇಲೆ ಉಳಿದವನ್ನು ರಾತ್ರಿಯ ಅವಧಿಗೆ ಬಿಡಿ. ಈ ತಾಳ್ಮೆ ಏಕೆಂದರೆ, ಪ್ಲೇ ಅಂಗಡಿಯ ಮೂಲಕ ಹೊಸ ಆವೃತ್ತಿಯಿಂದ ಹಳೆಯದಕ್ಕೆ ಮರಳುವ ದಾರಿಯಿಲ್ಲ. ತಯಾರಕರು ಇನ್ನೂ ಹೊಸದೊಂದನ್ನು ಕಳುಹಿಸುವವರೆಗೆ ಕಾಯಬೇಕು.

ಇಷ್ಟೆಲ್ಲ ಮಾಡಿಯೂ ಕೆಲಸ ಕೆಡುವುದು ಎರಡು ಸಣ್ಣ ಕಾರಣಗಳಿಂದ. ಒಂದು, ಪೆಟ್ಟಿಗೆಯ ಗಡಿಯಾರ. ಅವಧಿಯನ್ನು ಅದು ತನ್ನ ಗಡಿಯಾರದ ಪ್ರಕಾರವೇ ಲೆಕ್ಕ ಹಾಕುತ್ತದೆ. ಭಾರತೀಯ ಕಾಲಮಾನಕ್ಕೆ ಹೊಂದಿಸದೆ ಗ್ರೀನಿಚ್ ಕಾಲದಲ್ಲೇ ಬಿಟ್ಟಿದ್ದರೆ ನಿಮ್ಮ ರಾತ್ರಿ ಎರಡು ಗಂಟೆ ಬೆಳಿಗ್ಗೆ ಏಳೂವರೆಗೆ ಬರುತ್ತದೆ, ಬಸ್ ನಿಲ್ದಾಣ ತುಂಬಿ ತುಳುಕುವ ಹೊತ್ತಿಗೆ. ಇನ್ನೊಂದು, ಮೇನ್ ಸ್ವಿಚ್. ಬಾಗಿಲು ಹಾಕುವಾಗ ಮೇನ್ ಆರಿಸಿ ಹೋಗುವುದು ನಮ್ಮ ಅಂಗಡಿ, ಕಚೇರಿಗಳ ಒಳ್ಳೆಯ ಅಭ್ಯಾಸ; ಅಂಥಲ್ಲಿ ರಾತ್ರಿಯ ಅವಧಿ ಬಂದರೂ ಪೆಟ್ಟಿಗೆಗೆ ಜೀವವೇ ಇರುವುದಿಲ್ಲ. ಫಲಕಕ್ಕೆ ಬೇರೆ ಲೈನ್ ಎಳೆಸಿ, ಇಲ್ಲವೇ ಬಾಗಿಲು ತೆರೆದು ಗಿರಾಕಿಗಳು ಬರುವ ಮುನ್ನ ಕಸ ಗುಡಿಸುವ ಅರ್ಧ ಗಂಟೆಯನ್ನೇ ಅದಕ್ಕೆ ಗೊತ್ತುಮಾಡಿ.